ಎದಿ ಬ್ಯಾನಿ

ಚಹಾ ಕುಡಿಯಬಾರದು ಎಂದು ನಿಶ್ಚಯ ಮಾಡಿದ ದಿನವೇ ಇಡೀ ಹಾವೇರಿ ಜಿಲ್ಲೆಗೆ ಕಾವೇರಿಗೆ ಚಹಾ ಕುಡಿಸುವ ಹುಕಿ ಬಂದಂತಿತ್ತು. ಹಾವೇರಿಯ ಮನೆಯಲ್ಲಿ ಗಂಡ ಯುವರಾಜ, ಮದುವೆಯಾದಾಗಿನಿಂದ ಒಲೆಯ ಹತ್ತಿರ ಸುಳಿಯದವನು, ಇವತ್ತೇ ಎದ್ದು ಚಹಾ ಮಾಡಿ ತಂದಿದ್ದ. ಬೇಡ ಎನ್ನಲು ಮನಸ್ಸಾಗದೆ ಕುಡಿದಳು. ರಾಣೆಬೆನ್ನೂರಿನಲ್ಲಿ ಅವಳು ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರದೋ ಮೊಮ್ಮಗನ ಹುಟ್ಟುಹಬ್ಬದ ಪೇಡೆ, ಪೇಡೆಯ ಹಿಂದೆ ಚಹಾ. ಅದನ್ನೂ ಕುಡಿದಳು. ಅವಳ ವ್ಯಾನಿಟಿ ಬ್ಯಾಗಿನಲ್ಲಿ ಎರಡು ಪ್ಲಾಸ್ಟಿಕ್ ಕೊಳವೆಗಳಿದ್ದವು. ಒಂದರ ಮೇಲೆ ಅವಳ ಹೆಸರು, ಇನ್ನೊಂದರ ಮೇಲೆ ಮಾವ ಉಡಚಪ್ಪನ ಹೆಸರು. ಅದರೊಳಗೆ ಗೆರೆ ಮುಟ್ಟುವ ತನಕ ಉಗುಳಬೇಕು, ಮುಚ್ಚಳ ಹಾಕಬೇಕು, ಕೊರಿಯರಿಗೆ ಕೊಡಬೇಕು. ಇಷ್ಟೇ ಕೆಲಸ. ಆದರೆ ಉಗುಳುವ ಮೊದಲು ಅರ್ಧ ತಾಸು ಬಾಯಿಗೆ ಏನೂ ಹಾಕಿರಬಾರದು, ನೀರು ಕೂಡ. ಈ ಸೀಮೆಯಲ್ಲಿ ಒಬ್ಬ ಹೆಂಗಸಿಗೆ ಬಾಯಿ ಖಾಲಿ ಇರುವ ಅರ್ಧ ತಾಸು ಸಿಗುವುದು ಎಷ್ಟು ಕಷ್ಟ ಎಂಬುದು ಬೆಂಗಳೂರಿನ ಲ್ಯಾಬಿನವರಿಗೆ ಏನು ಗೊತ್ತು ಎಂದು ಅವಳು ತನ್ನೊಳಗೇ ವಾದ ಹೂಡಿಕೊಂಡಿದ್ದಳು. ವಾದ ಚೆನ್ನಾಗಿಯೇ ಇತ್ತು, ರಾತ್ರಿ ಮಲಗಿ ಬೆಳಿಗ್ಗೆ ಏಳುವ ತನಕ ಬಾಯಿ ಖಾಲಿಯೇ ಇರುತ್ತದಲ್ಲ ಎಂಬುದೊಂದನ್ನು ಬಿಟ್ಟರೆ.

ಎರಡನೆಯ ಪಿರಿಯಡ್ಡಿಗೆ ಬಿ.ಎಸ್ಸಿ. ಕೊನೆಯ ವರ್ಷದವರು. ಪಾಠ, ಜೀವಕೋಶದೊಳಗೆ ಮುರಿದ ಡಿಎನ್‌ಎ ಮತ್ತೆ ಹೇಗೆ ಜೋಡಣೆಯಾಗುತ್ತದೆ ಎಂಬುದು. ಪಠ್ಯಕ್ರಮಕ್ಕೂ ಇವತ್ತೇ ಬರಬೇಕಿತ್ತು ಈ ಹುಕಿ. ಅಲ್ಲಿ ಬರುವ ಒಂದು ಕಿಣ್ವವನ್ನು ಎಲ್ಲರೂ ಬಾಯ್ಮಾತಿನಲ್ಲಿ ‘ಬ್ರಾಕಾ’ ಎನ್ನುತ್ತಾರೆ. ಹಾಗೆಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುವುದು ಗ್ಯಾರಂಟಿ. ಹಿಂದಿನ ವರ್ಷ ನಕ್ಕಿದ್ದರು, ಕಾವೇರಿಯ ಕಿವಿ ಬಿಸಿಯಾಗಿ, ಮುಂದೆ ಹೇಳಬೇಕಾದದ್ದು ಮರೆತು, ಬರೀ ಹಾಜರಿ ಕರೆದು ಹೊರಬಿದ್ದಿದ್ದಳು. ಅದಕ್ಕೇ ಈ ಸಲ ಜಾಣತನದಿಂದ ‘ಬಿ, ಆರ್, ಸಿ, ಎ, ಒಂದು’ ಎಂದು ಅಕ್ಷರ ಬಿಡಿಸಿ ಬರೆದಳು. ಯಾರೂ ನಗಲಿಲ್ಲ. ಗೆದ್ದೆನೆಂದುಕೊಂಡು ಹುಮ್ಮಸ್ಸಿನಿಂದ ಶುರು ಮಾಡಿದಳು. “ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲಕ್ಕ ಚೀಟಿ ಹಚ್ಚತಾರ, ನೋಡೀರಿಲ್ಲ? ಈ ಕಿಣ್ವದ್ದೂ ಅದ ಕೆಲಸ. ಡಿಎನ್‌ಎ ಎಲ್ಲಿ ಹರದೈತಿ ಅಲ್ಲಿಯ ಪ್ರೋಟೀನಿಗೆ ಒಂದು ಸಣ್ಣ ಚೀಟಿ ಹಚ್ಚತದ. ಚೀಟಿ ಅಂದ್ರ ಅದೂ ಒಂದು ಪುಟ್ಟ ಪ್ರೋಟೀನು, ಯುಬಿಕ್ವಿಟಿನ್ ಅಂತ. ಕೆಲವು ಚೀಟಿ ಅಂದ್ರ, ಇದು ಕೆಟ್ಟದ, ಒಗೀರಿ ಅಂತ ಅರ್ಥ. ಈ ಚೀಟಿ ಹಂಗಲ್ಲ. ಇಲ್ಲಿ ಹರದದ, ಲಗೂ ಬಂದು ಹೊಲೀರಿ ಅಂತ ಕರಿಯೂ ಚೀಟಿ ಇದು. ಮತ್ತ ಈ ಕಿಣ್ವ ಒಂದ ದುಡಿಯೂದಿಲ್ಲ, ಮಗ್ಗಲಿಗೆ ಇನ್ನೊಂದು ಜೋಡಿ ಪ್ರೋಟೀನ್ ನಿಂತಿರಬೇಕು.” ಈಗ ನಕ್ಕರು, ಆದರೆ ಇದು ಅವಳೇ ಬಯಸಿದ ನಗು. ಮುಂದಿನ ಬೆಂಚಿನ ಶಬನಮ್ ಮಾತ್ರ ನಗದೆ ಕೈ ಎತ್ತಿದಳು. “ಮೇಡಂ, ಚೀಟಿ ಹಚ್ಚಾಕಿನ ಕೆಟ್ಟಿದ್ರ? ಅಕಿಗೆ ಚೀಟಿ ಹಚ್ಚವ್ರು ಯಾರ್ರಿ?” ಕಾವೇರಿ, “ಟೆಸ್ಟ್ ಮಾಡಿಸ್ಬೇಕವಾ,” ಎಂದು ಥಟ್ಟನೆ ಹೇಳಿ, ಒರೆಸಿ ಸ್ವಚ್ಛವಾಗಿದ್ದ ಹಲಗೆಯ ಮೂಲೆಯನ್ನು ಇನ್ನೊಮ್ಮೆ ಒರೆಸಿದಳು.

“ಎದಿಯಾಗ ಒಂಥರಾ ಆಗೇತಿ,” ಎಂದಿದ್ದಳು ಅವ್ವ ರೋಹಿಣಿ, ಅಗಡಿಯ ಮನೆಯ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ. ಒಂಥರಾ ಎಂದರೆ ಏನೆಂದು ಯಾರೂ ಕೇಳಲಿಲ್ಲ, ಏಕೆಂದರೆ ಕೇಳುವ ಅಗತ್ಯವಿರಲಿಲ್ಲ. ಅವ್ವನ ತವರು ಬ್ಯಾಡಗಿ, ಆ ಮನೆಯದು ಹಾರ್ಟಿನ ಮನೆತನ. ಅವ್ವನ ಅವ್ವ ದೇವವ್ವಜ್ಜಿ ತೀರಿಕೊಂಡದ್ದು ಎದಿ ಬ್ಯಾನಿಯಿಂದ, ಇದು ಬೀಗರಿಗೆಲ್ಲ ಗೊತ್ತಿದ್ದ ಸಂಗತಿ. ಹೀಗಾಗಿ ಅವ್ವನನ್ನು ನೆಟ್ಟಗೆ ಹಾವೇರಿಗೆ ಕರೆತಂದು ಇಸಿಜಿ ಮಾಡಿಸಿದರು. ಅದು ಸರಿಯಾಗಿತ್ತು. ಎಲ್ಲರಿಗೂ ಎಷ್ಟು ಸಮಾಧಾನವಾಯಿತೆಂದರೆ ಬಸ್ ಸ್ಟ್ಯಾಂಡಿನ ಎದುರು ನಿಂತು ಮಿರ್ಚಿ ಮಂಡಕ್ಕಿ ತಿಂದರು. ಪ್ರಾಣಿಶಾಸ್ತ್ರ ಕಲಿಸುವ ಮಗಳಂತೂ “ಗ್ಯಾಸ್ ಇರಬೇಕು ತಗೋ ಯವ್ವಾ,” ಎಂದು ತೀರ್ಪು ಕೊಟ್ಟಳು. ಕೆಲವು ತಿಂಗಳ ಮೇಲೆ ಮತ್ತೆ ಒಂಥರಾ, ಮತ್ತೆ ಇಸಿಜಿ. ಈ ಸಲ ಪರದೆಯ ಆಚೆ ಎದೆಗೆ ವೈರು ಅಂಟಿಸುತ್ತಿದ್ದ ನರ್ಸಮ್ಮ, “ಯವ್ವಾ, ಇದೇನಿದು ಗಂಟು?” ಎಂದದ್ದು, ಅವ್ವ ಸಣ್ಣ ದನಿಯಲ್ಲಿ, “ಅದನ್ನ ನಾ ಹೇಳಿದ್ದು,” ಎಂದದ್ದು, ಎರಡೂ ಈಚೆ ನಿಂತಿದ್ದ ಕಾವೇರಿಗೆ ಸ್ಪಷ್ಟವಾಗಿ ಕೇಳಿಸಿದವು. ಆ ಪರದೆಯ ಮೇಲೆ ನೀಲಿ ಹೂಗಳಿದ್ದವು. ಈಗಲೂ ಅಂಥ ಹೂವಿನ ಸೀರೆ ಉಟ್ಟವರು ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಕಾವೇರಿ ಕಿಟಕಿಯ ಕಡೆ ಮುಖ ತಿರುಗಿಸುತ್ತಾಳೆ.

ಅವ್ವ ಗಟ್ಟಿ ಹೆಂಗಸು. ಆಪರೇಶನ್ನು, ಆಮೇಲಿನ ಔಷಧ, ಎಲ್ಲ ಮುಗಿಸಿ ಎದ್ದಳು. ಉದುರಿದ ಕೂದಲು ಮತ್ತೆ ಬರುವಾಗ ಗುಂಗುರಾಗಿ ಬಂತು, “ಪಾರ್ಲರದಾಗ ಹಿಂಗ ಮಾಡಿಸಾಕ ಮಂದಿ ಎಷ್ಟ ಖರ್ಚ ಮಾಡತಾರವಾ,” ಎಂದು ಕನ್ನಡಿಯ ಮುಂದೆ ನಿಂತು ನಕ್ಕಳು. ನಗದಿದ್ದವಳು ಕಾವೇರಿ. ಡಾಕ್ಟರು ಹೇಳಿ ಅವ್ವನ ರಕ್ತ ಬೆಂಗಳೂರಿಗೆ ಹೋಗಿತ್ತು. ಚೀಟಿ ಹಚ್ಚುವ ಆ ಕಿಣ್ವದ ಜೀನು ಅವ್ವನಲ್ಲಿ ಒಂದು ಕಡೆ ಹುಟ್ಟಿನಿಂದಲೇ ಕೆಟ್ಟಿದೆ, ಮಗಳಿಗೂ ಅಣ್ಣನಿಗೂ ಅದು ಇರಬಹುದು, ಇಲ್ಲದೆಯೂ ಇರಬಹುದು, ನೋಡಿಕೊಳ್ಳಿ ಎಂದು ಅಲ್ಲಿಂದ ಹೇಳಿಕಳಿಸಿದರು. ಆಮೇಲೆ ಲ್ಯಾಬಿನ ಹುಡುಗಿಯೊಬ್ಬಳು ವಂಶದ ವಿವರ ಕೇಳಲು ಫೋನು ಮಾಡಿದಳು. ನಯವಾದ ಬೆಂಗಳೂರು ಮಾತು. “ಮೇಡಂ, ಉಡಚಪ್ಪ ಅನ್ನೋರು ನಿಮಗೆ ಏನಾಗಬೇಕು?” “ಮಾವ.” “ಮಾವ ಅಂದ್ರೆ ತಾಯಿಯ ಅಣ್ಣನಾ, ಇಲ್ಲಾ ಗಂಡನ ತಂದೆನಾ?” “ಹೌದು.” “ಯಾವುದು ಮೇಡಂ?” “ಎರಡೂನೂ.” ಆ ಕಡೆ ಪೆನ್ನು ನಿಂತದ್ದು ಕೇಳಿಸಿತು. ಕಾವೇರಿಗೆ ಹುಟ್ಟಿದೂರು, ಕೊಟ್ಟ ಮನೆ, ಸೋದರಮಾವನ ಮಗನನ್ನು ಮದುವೆಯಾಗುವ ಪದ್ಧತಿ, ಎಲ್ಲದರ ಪರವಾಗಿ ಒಮ್ಮೆಲೇ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. “ಹಾಗಾದ್ರೆ ಅವರ ಟೆಸ್ಟ್ ತುಂಬಾ ಮುಖ್ಯ ಮೇಡಂ,” ಎಂದಳು ಹುಡುಗಿ. “ನಿಮ್ಮ ಗಂಡನ ಕಡೆಯಿಂದಲೂ ನೋಡಬೇಕಾಗುತ್ತಲ್ಲ. ಆದ್ರೆ ಮೊದಲು ನಿಮ್ಮದು.” ಕಾವೇರಿ ಆ ಮಾತಿನ ಮೊದಲ ಅರ್ಧವನ್ನು ಭದ್ರವಾಗಿ ಹಿಡಿದುಕೊಂಡಳು. ಮಾವನದು ತುಂಬಾ ಮುಖ್ಯ. ಅವತ್ತಿನಿಂದ ಅವಳು ದಿನಾ ಮಾವನ ಚಿಂತೆ ಮಾಡತೊಡಗಿದಳು.

ಮಾವನ ಚಿಂತೆ ಮಾಡಲು ಬೇಕಾದಷ್ಟು ಕಾರಣವೂ ಇತ್ತು. ತಂಗಿಯೇ ಫೋನು ಮಾಡಿ ವಿಷಯ ತಿಳಿಸಿದಾಗ ಉಡಚಪ್ಪ ಒಂದೇ ಮಾತಿನಲ್ಲಿ ಕತ್ತರಿಸಿ ಹಾಕಿದ್ದ. “ನಮ್ಮ ಮನತನದಾಗ ಅಂಥಾ ರೋಗ ಇಲ್ಲ. ನಮ್ಮದು ಹಾರ್ಟು.” ಎಷ್ಟೋ ಮನೆತನಗಳಿಗೆ ಜಮೀನಿನ, ಗೌಡಕಿಯ ಹೆಮ್ಮೆ ಇರುವಂತೆ ಅವನಿಗೆ ಹಾರ್ಟಿನ ಹೆಮ್ಮೆ. ಅವ್ವ ಹೋದ ಬೇನೆ ತನಗೂ ಬರುತ್ತದೆ ಎಂದು ಮೀಸೆ ಮೂಡಿದಾಗಿನಿಂದ ಕಾಯುತ್ತ ಬಂದವನು ಅವನು. ತುಪ್ಪ ಬಿಟ್ಟ, ಮಿರ್ಚಿ ಬಿಟ್ಟ, ಎದೆ ಡವಡವ ಅನ್ನುತ್ತದೆಂದು ಚಹಾ ಬಿಟ್ಟ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚಹಾ ಕುಡಿಯದೆ ದಲಾಲಿ ಅಂಗಡಿ ನಡೆಸಿದ ಮನುಷ್ಯ ಇನ್ನೊಬ್ಬನಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ವರ್ಷಕ್ಕೊಂದು ಇಸಿಜಿ ತೆಗೆಸುತ್ತಾನೆ. ಬರುವುದಾಗಿ ಹೇಳಿ ಬಾರದ ಅತಿಥಿಯ ಮೇಲೆ ಬರುವಂಥ ಅಸಮಾಧಾನ ಅವನಿಗೆ ತನ್ನ ಹೃದಯದ ಮೇಲಿದೆ.

ಹಾವೇರಿ ಬಸ್ಸಿನಲ್ಲಿ ಕೂತ ಕಾವೇರಿ ಇವತ್ತು ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಗೆ ಹೋಗುವುದೆಂದು ಗಟ್ಟಿ ಮಾಡಿದಳು. ಮಾವನದು ಆಗಿಬಿಡಲಿ, ಆಮೇಲೆ ತನ್ನದು ನಿಧಾನಕ್ಕೆ. ಕಿಟಕಿಯಿಂದ ಬಿಸಿಲು ತೊಡೆಯ ಮೇಲೆ ಬೀಳುತ್ತಿತ್ತು. ಬಿಸಿಲು ಬಿದ್ದಲ್ಲೆಲ್ಲ ಡಿಎನ್‌ಎ ಒಂದಿಷ್ಟು ಕೆಡುತ್ತದೆ, ಸುಮ್ಮನೆ ಬದುಕಿದ್ದರೂ ಅದು ಅಲ್ಲಲ್ಲಿ ಹರಿಯುತ್ತದೆ, ಹೊಲಿಗೆ ಬೀಳುತ್ತದೆ, ಹೀಗೆ ಮನುಷ್ಯ ಮುಪ್ಪಿನ ತನಕ ನಡೆಯುತ್ತಾನೆ, ಎಂದು ತಾನೇ ಪಾಠದಲ್ಲಿ ಹೇಳಿದ್ದು ನೆನಪಾಯಿತು. ಇದೇ ಗಳಿಗೆಯಲ್ಲಿ ತನ್ನೊಳಗೂ ಆ ಕಿಣ್ವ ತನ್ನ ಜೋಡಿಯನ್ನು ಕರೆದುಕೊಂಡು ಮೂಲೆಮೂಲೆ ತಿರುಗಿ ಚೀಟಿ ಹಚ್ಚುತ್ತಿರಬೇಕು. ಜೀನಿನ ಪ್ರತಿ ಎರಡು ಇರುತ್ತವೆ, ಅವ್ವನದೊಂದು, ಅಪ್ಪನದೊಂದು. ಅವ್ವನದು ಕೆಟ್ಟದ್ದೇ ಬಂದಿದ್ದರೂ ಅಪ್ಪನದು ಅಂಗಡಿ ನಡೆಸುತ್ತದೆ, ಆ ಅಂಗಡಿಯ ಬಾಗಿಲೂ ಎಲ್ಲಾದರೂ ಒಂದು ಕೋಶದಲ್ಲಿ ಬಿದ್ದ ದಿನ ಪೇಚಾಟ ಶುರು. ಅಪ್ಪ ಇದ್ದಾಗ ಯಾವ ಕೆಲಸವನ್ನೂ ಹೊತ್ತಿಗೆ ಮಾಡಿದವನಲ್ಲ ಎಂಬುದು ನೆನಪಾಗಿ ಅವಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಕೈ ತಾನಾಗಿಯೇ ಸೆರಗಿನೊಳಗೆ ಕಂಕುಳ ಹತ್ತಿರ ಹೋಯಿತು. ಪಕ್ಕದವಳು ನೋಡುತ್ತಿದ್ದಾಳೆ ಎನಿಸಿ ತುರಿಸಿಕೊಂಡವಳಂತೆ ಮಾಡಿ ಕೈ ಹೊರತೆಗೆದಳು. ಈ ತುರಿಕೆಯ ನಾಟಕವನ್ನು ಅವಳು ದಿನಕ್ಕೆ ಎಷ್ಟು ಸಲ ಆಡುತ್ತಿದ್ದಳೋ. ಕ್ಲಾಸಿನಲ್ಲಿ, ಅಡುಗೆಮನೆಯಲ್ಲಿ, ಮಗಳ ಜಡೆ ಹೆಣೆಯುವಾಗ. ಹೆದರಿಕೆ ಅದೇ. ಗೊತ್ತಾಗಿಬಿಟ್ಟರೆ ಆಮೇಲೆ ಜಡೆ ಹೆಣೆಯುವ ಕೈ ಇದೇ ಕೈಯಾಗಿ ಉಳಿಯುತ್ತದೋ ಇಲ್ಲವೋ. ಬಸ್ಸು ಹತ್ತಿ ಇಷ್ಟು ಹೊತ್ತು ಬಾಯಿಗೆ ಏನೂ ಹಾಕಿಲ್ಲ ಎಂಬುದು ಹೊಳೆದದ್ದು ಮೋಟೆಬೆನ್ನೂರಿನಲ್ಲಿ ಇಳಿದಾಗ. ಇನ್ನು ಸ್ವಲ್ಪ ಹೊತ್ತು ತಡೆದರೆ ಅರ್ಧ ತಾಸು ತುಂಬುತ್ತದೆ. ಎದುರಿಗೇ ಹುರಿದ ಶೇಂಗಾದವನು ನಿಂತಿದ್ದ. ಅವಳು ಪೊಟ್ಟಣ ಕೊಂಡಳು, ಬ್ಯಾಡಗಿಯ ಬಸ್ಸು ಬರುವಷ್ಟರಲ್ಲಿ ಮುಗಿಸಿಯೂಬಿಟ್ಟಳು.

ಹಿಂದಿನ ದಿನ ಪೇಟೆ ಆಗಿ, ಬ್ಯಾಡಗಿ ಇವತ್ತು ಹಬ್ಬ ಮುಗಿದ ಮನೆಯಂತೆ ಸುಸ್ತಾಗಿತ್ತು. ಆದರೆ ಗಾಳಿಯಲ್ಲಿ ಘಾಟು ಹಾಗೇ ಇತ್ತು, ಬಸ್ ಸ್ಟ್ಯಾಂಡಿನಿಂದಲೇ ಮೂಗು ಚುರುಗುಟ್ಟಿತು. ಮಾವನ ಗೋದಾಮಿನ ಮುಂದೆ ತಗಡಿನ ನೆರಳಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ಮೂಗಿಗೆ ಸೆರಗು ಬಿಗಿದಿದ್ದರೂ ಮಾತಿಗೆ ಯಾವ ಅಡ್ಡಿಯೂ ಇರಲಿಲ್ಲ. ಉಡಚಪ್ಪ ನಡುವೆ ಕುರ್ಚಿ ಹಾಕಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಯಾವ ಕೆಲಸವನ್ನೂ ಮಾಡದೆ ಎಲ್ಲ ಕೆಲಸ ತಾನೇ ಮಾಡುತ್ತಿರುವವನಂತೆ ಕೂತಿದ್ದ. “ಬಾರವಾ, ಇದೇನ ದಾರಿ ತಪ್ಪಿ? ಜೈತೂನಬಿ, ಕಾವೇರಿಗೆ ಚಾ ಹೇಳು.” ಸಾಲಿನ ತುದಿಯಲ್ಲಿದ್ದ ಜೈತೂನಬಿ, ಕಾವೇರಿಯನ್ನು ಲಂಗ ಹಾಕಿದ ದಿನದಿಂದ ಬಲ್ಲವಳು, ಎದ್ದು ಹೋದಳು. ಕಾವೇರಿ ಬೇಡವೆನ್ನಲಿಲ್ಲ. ಚಿಕ್ಕಂದಿನಲ್ಲಿ ಇವನ ಹೆಗಲ ಮೇಲೆ ಕೂತು ‘ಮಾವಾ, ನೀ ಓಡು’ ಎಂದು ಕಿವಿ ಹಿಡಿದು ಎಳೆಯುತ್ತಿದ್ದಳು. ಮದುವೆಯ ಅಕ್ಕಿಕಾಳು ಬಿದ್ದ ದಿನದಿಂದ ಅದೇ ಮಾವನಿಗೆ ‘ನೀವು’, ‘ರೀ’. ಅದನ್ನು ಹೇಳಿಕೊಟ್ಟವರು ಯಾರೂ ಇಲ್ಲ, ತಾನಾಗಿಯೇ ಬಂತು, ಬಂದಮೇಲೆ ಅವನ ಹತ್ತಿರ ನಿಜ ಹೇಳುವುದು ಸ್ವಲ್ಪ ಕಠಿಣವಾಯಿತು. “ಅವ್ವಂದ ಟೆಸ್ಟಿನ ವಿಚಾರ ಮಾತಾಡಬೇಕಿತ್ತರಿ ಮಾವಾರ,” ಎಂದಳು.

“ಅದು ಮುಗದ ಮಾತಲ್ಲ? ನಮ್ಮ ಕಡಿಯಿಂದ ಬಂದದ್ದಲ್ಲ ಅದು. ಅಗಡಿ ನೀರಿಂದ ಬಂದಿರಬೇಕು,” ಎಂದ ಉಡಚಪ್ಪ. ಅಗಡಿಯ ನೀರು ಬ್ಯಾಡಗಿಯ ಹೆಣ್ಣಿನ ಜೀನಿನೊಳಗೆ ಹೇಗೆ ಹೊಕ್ಕೀತು ಎಂದು ಕೇಳಿದರೆ ಮಾವ ಅದಕ್ಕೂ ಒಂದು ಉತ್ತರ ಕೊಟ್ಟಾನು. ಅವಳು ಕಾಗದ ಹುಡುಕಿದಳು. ಬ್ಯಾಗಿನಲ್ಲಿ ಶೇಂಗಾ ತಿಂದುಳಿದ ಎಣ್ಣೆ ಹಿಡಿದ ಪೊಟ್ಟಣ ಬಿಟ್ಟರೆ ಬೇರೆ ಕಾಗದವಿರಲಿಲ್ಲ. ಎದುರಿಗೆ ಕಾಯಿ ಸುರಿಯಲು ನೆಲಕ್ಕೆ ಹಾಸಿದ ಖಾಲಿ ತಾಡಪತ್ರಿ, ಆಚೆ ಈಚೆ ಮೆಣಸಿನಕಾಯಿಯ ಗುಡ್ಡೆ. ಕ್ಲಾಸಿನಲ್ಲಿ ವಂಶವೃಕ್ಷ ಬರೆಯುವಾಗ ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಇಲ್ಲಿ ದೇವರೇ ಒದಗಿಸಿದಂತೆ ಎರಡು ಜಾತಿಯ ಕಾಯಿ ಬಿದ್ದಿದ್ದವು. ಅವಳು ನೆಲಕ್ಕೆ ಕೂತು ಸೀರೆ ಸಿಕ್ಕಿಸಿಕೊಂಡಳು. “ನೋಡ್ರಿ ಮಾವಾರ. ಉದ್ದನ್ನ ಕಡ್ಡಿ ಕಾಯಿ ಅಂದ್ರ ಗಂಡಸು. ಗುಂಡನ್ನ ಡಬ್ಬಿ ಅಂದ್ರ ಹೆಂಗಸು. ಬಣ್ಣ ಹೋದ ಬಿಳಿಗಾಯಿ ಅಂದ್ರ ಈ ರೋಗ ಬಂದಾವರು.” ಹೆಣ್ಣುಮಕ್ಕಳ ಕೈ ನಿಂತಿತು. “ಡಬ್ಬಿ ಯಾಕ್ರಿ ನಾವು, ನಾವ ಬಡಕ ಇದ್ದೀವಿ,” ಎಂದಳು ಒಬ್ಬಳು, ಉಳಿದವರು ಸೆರಗಿನೊಳಗೇ ನಕ್ಕರು. “ಬಿಳಿಗಾಯಿ ಮುಟ್ಟಬ್ಯಾಡ್ರಿ ಅಕ್ಕಾರ, ಕೆಂಪಿನ್ಯಾಗ ಕೂಡಿದ್ರ ಮಾಲಿನ ದರ ಬೀಳತೈತಿ,” ಎಂದು ಚಹಾದ ಲೋಟ ಹಿಡಿದು ಬಂದ ಜೈತೂನಬಿ ಗಾಬರಿಯಾದಳು. ಲೋಟವನ್ನು ಕಾವೇರಿಯ ಮಗ್ಗಲಲ್ಲಿ ಇಟ್ಟು ಅವಳೂ ನೋಡಲು ನಿಂತಳು.

ಕಾವೇರಿ ಮೇಲೆ ಒಂದು ಕೆಂಪು ಡಬ್ಬಿ ಇಟ್ಟಳು, ಅಜ್ಜಿ. ಮಗ್ಗಲಿಗೆ ಕಡ್ಡಿ, ಅಜ್ಜ. ಅವರ ಕೆಳಗೆ ಎರಡು. ಕಡ್ಡಿ, ಇದು ನೀವು. ಬಿಳಿಯ ಡಬ್ಬಿ, ಇದು ಅವ್ವ. ನಿಮ್ಮ ಕೆಳಗೆ ಈ ಸಣ್ಣ ಕಡ್ಡಿ, ಯುವರಾಜ. ಬೆರಳು ಉರಿಯತೊಡಗಿದವು, ಆದರೆ ಪಾಠ ಹೇಳುವ ಹುರುಪು ಬಂದಿತ್ತು. ಇಂಥದು ಗಂಡಸರಿಂದಲೂ ಇಳಿದು ಬರುತ್ತದೆ, ಗಂಡಸರಿಗೆ ಏನೂ ಆಗದೆಯೂ ಇರಬಹುದು, ಮಗನಿಗೆ ಹೋಗಿರುತ್ತದೆ, ಅವನ ಮಗಳಿಗೆ ಹೋಗಿರುತ್ತದೆ. ಹೀಗಾಗಿ ನಿಮ್ಮದು ತುಂಬಾ ಮುಖ್ಯ. ಉಡಚಪ್ಪ ಕುರ್ಚಿಯಿಂದ ಬಗ್ಗಿ ನೋಡುತ್ತಿದ್ದ. “ಎಲ್ಲಾ ಖರೇ. ಆದ್ರ ನಮ್ಮವ್ವ ಮ್ಯಾಲ ಕೆಂಪಗ ಕುಂತಾಳಲ್ಲ. ಅಕಿದು ಎದಿ ಬ್ಯಾನಿ. ಮ್ಯಾಲ ಇಲ್ಲದ್ದು ಕೆಳಗ ಎಲ್ಲಿಂದ ಬಂತು?” ಎಂದ. ಗೆದ್ದ ದನಿ. ಕಾವೇರಿ ಅವನ ಮುಖ ನೋಡಿದಳು. ನಲವತ್ತಕ್ಕೇ ಹೋದ ಅಜ್ಜಿ, ತಾನು ಕಂಡೇ ಇರದ ಅಜ್ಜಿ. ಪರದೆಯ ಆಚೆಯಿಂದ, ಅದನ್ನ ನಾ ಹೇಳಿದ್ದು, ಎಂದಿತು ಒಂದು ಸಣ್ಣ ದನಿ. ಈ ಸೀಮೆಯ ಹೆಂಗಸೊಬ್ಬಳು ‘ಮೊಲಿ’ ಎಂಬ ಶಬ್ದವನ್ನು ಗಂಡಸರ ಮುಂದೆ, ಡಾಕ್ಟರ ಮುಂದೆ, ಸಾಯುವಾಗ ಕೂಡ ಎತ್ತುವುದಿಲ್ಲ. ಎದಿ ಅನ್ನುತ್ತಾಳೆ. ತಾನಾದರೂ ಏನು, ಬೆಳಿಗ್ಗೆ ಬಿ, ಆರ್, ಸಿ, ಎ ಎಂದು ಅಕ್ಷರ ಬಿಡಿಸಿದವಳು. “ಮಾವಾ,” ಎಂದಳು. “ಅಜ್ಜಿಗೆ ಎದಿ ಬ್ಯಾನಿ ಅಂತ ಹೇಳಿದವ್ರು ಯಾರು? ಎದಿ ಅಂದ್ರ ಎಲ್ಲಿ? ನೀ ನೋಡಿದ್ದೇನ?”

‘ನೀ’ ಎಂದುಬಿಟ್ಟದ್ದು ಇಬ್ಬರಿಗೂ ಗೊತ್ತಾಯಿತು. ಉಡಚಪ್ಪನ ಕಣ್ಣು ತಾಡಪತ್ರಿಯ ಮೇಲಿದ್ದರೂ ಅಲ್ಲಿರಲಿಲ್ಲ. ತನ್ನಷ್ಟಕ್ಕೆ ಮಾತಾಡಿದ. “ಹಿತ್ತಲದಾಗ ಅರಿಬಿ ಒಣಹಾಕತಿದ್ಲು. ಎಲ್ಲಾರದೂ ಒಂದ ಹಗ್ಗಕ್ಕ, ತಂದಷ್ಟ ಬ್ಯಾರೆ, ಬಣವಿ ಹಿಂದ. ಅರಿಷಿಣ ಮೆತ್ತಿದ್ದು. ಮೈಗೆ ಕರ್ಪೂರದ ವಾಸನಿ. ನಾ ಹೋಗಿ ತೆಕ್ಕಿ ಬಿದ್ರ ಈ ಕಡಿ ಬಾ ಅಂತ ಬಲಕ್ಕ ಎಳಕೋತಿದ್ಲು. ಎಡಕ್ಕ ಮುಟ್ಟಗೊಡತಿದ್ದಿಲ್ಲ.” ಕಾವೇರಿಯ ಕಡೆ ತಿರುಗಿದ. “ಹಾರ್ಟ್ ಇದ್ದಾವರಿಗೆ ಅರಿಷಿಣದ ಅರಿಬಿ ಯಾಕ ಬೇಕ?” ಜೈತೂನಬಿ ಮೂಗಿನ ಸೆರಗು ಬಿಚ್ಚಿ ಕಣ್ಣಿಗೆ ಒತ್ತಿಕೊಂಡಳು, ಘಾಟಿಗೋ ಏನೋ. ಉಡಚಪ್ಪ ಕುರ್ಚಿ ಬಿಟ್ಟು ಇಸ್ತ್ರಿ ಮಾಡಿದ ಧೋತರದಲ್ಲೇ ನೆಲಕ್ಕೆ ಕೂತ. ಮೇಲಿದ್ದ ಕೆಂಪು ಡಬ್ಬಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಬಿಳಿಗಾಯಿಯ ಗುಡ್ಡೆಯಲ್ಲಿ ಕೈಯಾಡಿಸಿ, ಒಂದನ್ನು ಆರಿಸಿ, ಧೂಳು ಒರೆಸಿ, ಆ ಜಾಗದಲ್ಲಿ ಇಟ್ಟ. ಅವನು ಕಾದದ್ದೆಲ್ಲ ಬೇರೆ ಯಾವುದನ್ನೋ, ಪಾಪ. ಒಂದು ತಪ್ಪು ಶಬ್ದವನ್ನು ಎದೆಯಲ್ಲಿಟ್ಟುಕೊಂಡು ಮಾವ ಇಡೀ ಆಯುಷ್ಯ ಸಪ್ಪಗೆ ಉಂಡಿದ್ದ.

“ಹಂಗಾದ್ರ ನಂದು?” ತನ್ನ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ ಕೇಳಿದ. “ಅವ್ವಂದು ನನ್ನ ಕಡೀನೂ ಬಂದಿರತದೇನ?”

“ಗೊತ್ತಿಲ್ಲ ಮಾವಾ. ಉಗುಳಿದ್ರ ಗೊತ್ತಾಗತದ. ಆದ್ರ ಅರ್ಧ ತಾಸಿನಿಂದ ಬಾಯಾಗ ಏನೂ—”

“ನಾ ಮುಂಜಾನಿ ರೊಟ್ಟಿ ತಿಂದಾವ, ಮುಂದ ಏನ್ ಹಾಕೇನಿ? ಚಾ ಇಲ್ಲ, ಎಲಿ ಇಲ್ಲ. ತಾ.” ಇಡೀ ಪೇಟೆಯಲ್ಲಿ ಯಾವ ಹೊತ್ತಿನಲ್ಲೂ ಉಗುಳಲು ಸಿದ್ಧವಾಗಿದ್ದ ಬಾಯಿ ಅದೊಂದೇ ಇರಬೇಕು. ಕಾವೇರಿ ಕೊಳವೆ ಕೊಟ್ಟಳು. ಮಾವ ಎದ್ದು, ಹೆಂಗಸರಿಗೆ ಬೆನ್ನು ಮಾಡಿ, ಗೋದಾಮಿನ ಬಾಗಿಲಿಗೆ ಮುಖ ಹಾಕಿ ನಿಂತು, ಎಷ್ಟೋ ವರ್ಷ ಕೂಡಿಟ್ಟದ್ದನ್ನು ಕೊಡುವವನಂತೆ ಉಗುಳಿ, ಗೆರೆ ದಾಟಿಸಿ ತಂದ. “ಇಷ್ಟ ಏನ ಇದು? ಇದಕ್ಕ ಇಷ್ಟ ದೂರ ಬಂದಿ?” ಎಂದು ಮುಚ್ಚಳ ಹಾಕಿ ಕೊಟ್ಟ. ಹೆಣ್ಣುಮಕ್ಕಳಿಗೆ ಮತ್ತೆ ನಗು ಬಂತು. ಕಾವೇರಿಗೂ ಹಗುರಾಯಿತು. ಬಂದ ಕೆಲಸವಾಯಿತು. ಇನ್ನು ಚಹಾ ಕುಡಿದು ಆರು ಗಂಟೆಯ ಬಸ್ಸು ಹಿಡಿಯಬಹುದು. ಅವಳು ಕೊಳವೆಯನ್ನು ಬ್ಯಾಗಿಗೆ ಹಾಕಿ, ಲೋಟಕ್ಕೆ ಕೈ ಚಾಚಿದಳು.

ಉಡಚಪ್ಪ ಇನ್ನೂ ತಾಡಪತ್ರಿಯನ್ನೇ ನೋಡುತ್ತಿದ್ದ. ಮಾಲು ನೋಡುವ ಕಣ್ಣು ಅದು, ಗುಡ್ಡೆಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಮೊದಲು ಹಿಡಿಯುವ ಕಣ್ಣು. ಅಜ್ಜ, ಅಜ್ಜಿ, ತಾನು, ತಂಗಿ, ಮಗ. ಬಿಳಿಯ ರೋಹಿಣಿಯ ಕೆಳಗೆ ತಾಡಪತ್ರಿ ಖಾಲಿ ಇತ್ತು. “ಎಲ್ಲಾರನ್ನೂ ಕುಂದ್ರಸಿದಿ,” ಎಂದ ಮೆಲ್ಲಗೆ. “ನೀ ಎಲ್ಲಿ ಹೋಗೀದಿ?”

ಕಾವೇರಿಯ ಕೈ ಲೋಟದ ಮೇಲೆ ನಿಂತಿತು. ಮರೆತೆ ಎನ್ನಬಹುದಿತ್ತು. ಜಾಗ ಸಾಲಲಿಲ್ಲ ಎನ್ನಬಹುದಿತ್ತು, ತಾಡಪತ್ರಿ ಹೊಲದಷ್ಟು ಅಗಲವಿತ್ತು. ಕೆಂಪು ಇಡುವುದೋ ಬಿಳಿ ಇಡುವುದೋ ತಿಳಿಯಲಿಲ್ಲ ಎಂದಿದ್ದರೆ ಅದು ಖರೇ ಮಾತಾಗುತ್ತಿತ್ತು. “ಅಂಜಿಕಿ ಆಗತದ ಮಾವಾ,” ಎಂದಳು, ಅಷ್ಟು ಜನರ ಮುಂದೆ, ಹೆಗಲ ಮೇಲೆ ಕೂತಿದ್ದ ಹುಡುಗಿಯ ದನಿಯಲ್ಲಿ. ಉಡಚಪ್ಪ ಸಮಾಧಾನದ ಮಾತು ಹುಡುಕಲಿಲ್ಲ. ಇನ್ನೂ ಆರಿಸದ ಗುಡ್ಡೆಯಿಂದ, ತೊಟ್ಟು ಕೂಡ ಬಿಡಿಸದ, ಬಣ್ಣ ಹೇಳಲು ಬಾರದಂತೆ ಮಣ್ಣು ಹಿಡಿದ ಒಂದು ಡಬ್ಬಿ ಕಾಯಿ ತೆಗೆದು ಅವಳ ಅಂಗೈಯಲ್ಲಿಟ್ಟ. “ಇಡು,” ಎಂದ. ಅವಳು ಅವ್ವನ ಕೆಳಗೆ ಅದನ್ನು ಇಟ್ಟಳು. ಅಷ್ಟರಲ್ಲಿ ಮಾವ ಅವಳ ಮಗ್ಗಲಿನ ಲೋಟ ಎತ್ತಿ ಒಂದೇ ಗುಟುಕಿಗೆ ಅರ್ಧ ಕುಡಿದುಬಿಟ್ಟಿದ್ದ. ಹೆಂಗಸರು ಹೌಹಾರಿದರು. “ಮಾಲಕರ, ಚಾ ಅದು! ನಿಮ್ಮ ಹಾರ್ಟು!” ಎಂದು ಚೀರಿದಳು ಜೈತೂನಬಿ.

“ನನ್ನ ಹಾರ್ಟಿಗೆ ಏನಾಗೇತಿ?” ಎಂದ ಉಡಚಪ್ಪ. ಮೀಸೆಗೆ ಕೆನೆ ಹತ್ತಿತ್ತು, ಕಣ್ಣು ಒದ್ದೆಯಾಗಿತ್ತು. “ಎಷ್ಟ ರುಚಿ ಇರತದಲೇ ಇದು. ಇಕಿಗೆ ಇನ್ನ ಅರ್ಧ ತಾಸು ಯಾರೂ ಏನೂ ಕೊಡಬ್ಯಾಡ್ರಿ. ನೀರೂ ಕೊಡಬ್ಯಾಡ್ರಿ.” ಉಳಿದ ಚಹಾ ಕುಡಿಯುತ್ತ ಅವಳ ಎದುರಿಗೇ ಕಾವಲು ಕೂತ.

ಬೇರೆ ದಾರಿ ಇರಲಿಲ್ಲ, ಕಾವೇರಿ ಕೂತಳು. ಹೆಣ್ಣುಮಕ್ಕಳು ಮತ್ತೆ ತೊಟ್ಟು ಬಿಡಿಸತೊಡಗಿದರು. ಬಿಸಿಲು ತಗಡಿನಿಂದ ಇಳಿದು ತಾಡಪತ್ರಿಯ ತುದಿಗೆ ಬಂತು, ಅಜ್ಜಿಯನ್ನು ಮುಟ್ಟಿತು. ಕೈ ಕಂಕುಳಿಗೆ ಹೋಗಬೇಕೆಂದು ತವಕಿಸಿತು, ಬೆರಳಿಗೆ ಖಾರ ಹತ್ತಿದ್ದರಿಂದ ಸುಮ್ಮನಾಯಿತು. ಇಲ್ಲಿ ಹರಿದಿದೆ ಬನ್ನಿ ಎಂದು ಕರೆಯಲು ಮೊದಲು ಯಾರಾದರೂ ಹೋಗಿ ಚೀಟಿ ಹಚ್ಚಬೇಕಲ್ಲ, ಎಂದು ಶಬನಮ್‌ಗೆ ನಾಳೆ ಹೇಳಬೇಕು. ‘ಬ್ರಾಕಾ’ ಎಂದೇ ಹೇಳಬೇಕು, ನಗುವವರು ನಗಲಿ. ಹೊತ್ತಾಯಿತು ಎಂದು ಮಾವ ಸನ್ನೆ ಮಾಡಿದಾಗ ನೋಡಿದರೆ ಬಾಯಿ ಒಣಗಿ ಹೋಗಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. “ಬರವಲ್ದು ಮಾವಾ,” ಎಂದಳು.

“ಅದೇನ ದೊಡ್ಡದರಿ,” ಎಂದಳು ಜೈತೂನಬಿ, ಕೈಯಲ್ಲಿನ ಕೆಲಸ ನಿಲ್ಲಿಸದೆ. “ಎಳೀ ಮಾವಿನಕಾಯಿ, ಅಕ್ಕಾರ. ಗಿಡದಿಂದ ಆಗ ಹರದದ್ದು, ಇನ್ನ ಸೊನಿ ಸೋರೂ ಅಂಥಾದ್ದು. ಈಟೀಟ ಹೆಚ್ಚಿ, ಹಳ್ಳುಪ್ಪ ಹಚ್ಚಿ, ಮ್ಯಾಲ ನಮ್ಮ ಇದ ಡಬ್ಬಿ ಖಾರ ಉದುರಿಸಿ, ಹಲ್ಲಿಲೆ ಕರಕ್ ಅಂತ—”

ಸಾಲಿನಲ್ಲಿದ್ದವರೆಲ್ಲ ಬಾಯಲ್ಲೂರಿದ ನೀರನ್ನು ಒಮ್ಮೆಲೇ ಗುಟುಕರಿಸಿದ್ದು ಕೇಳಿಸಿತು. ಕಾವೇರಿ ಬ್ಯಾಗಿನಿಂದ ತನ್ನ ಹೆಸರಿನ ಕೊಳವೆ ತೆಗೆದು ಮುಚ್ಚಳ ಬಿಚ್ಚಿದಳು.